ಓದುಗರ ಪ್ರಶ್ನೆ: ತಿಂಗಳಿಗೊಂದು ಬೆಳಗ್ಗೆ, ಒಂದೇ ಶಿಲ್ಪ

ಪ್ರಶ್ನೆ: ಹಳೇಬೀಡಿನ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೊಮ್ಮೆ ಬೆಳಗಿನ ಹೊತ್ತು ಕಲೆಯ ಬಗ್ಗೆ ಮಾತುಕತೆ ನಡೆಸಬೇಕೆಂದಿದ್ದೇವೆ. ಎಷ್ಟು ಜನ, ಎಷ್ಟು ಹೊತ್ತು, ಯಾವ ವಿಷಯ?
– ಗೆಳೆಯರ ಬಳಗ, ಹಾಸನ

ಉತ್ತರ: ವಿಷಯದ ಬದಲು ಶಿಲ್ಪವನ್ನೇ ಆರಿಸಿಕೊಳ್ಳಿ, ಒಂದು ಬೆಳಗ್ಗೆಗೆ ಒಂದೇ. ‘ಹೊಯ್ಸಳ ಕಲೆ’ ಎಂದು ಶುರು ಮಾಡಿದರೆ ಮಾತು ವಿಷ್ಣುವರ್ಧನನಿಂದ ಹಿಡಿದು 2023ರ ಯುನೆಸ್ಕೊ ಪಟ್ಟಿಯವರೆಗೆ ಹರಿಯುತ್ತದೆ. ಬಂದವರು ಒಂದು ವಿಗ್ರಹವನ್ನೂ ನೆಟ್ಟಗೆ ನೋಡದೆ ಮನೆಗೆ ಹೋಗುತ್ತಾರೆ. ಜನ 12 ಸಾಕು, 15 ದಾಟಿದರೆ ಹಿಂದಿನವರಿಗೆ ಮುಂದಿನವರ ತಲೆಯಷ್ಟೇ ಕಾಣುತ್ತದೆ. ಒಟ್ಟು 45 ನಿಮಿಷ: 5 ನಿಮಿಷ ಮಾತಿಲ್ಲದೆ ನೋಡುವುದು, 10 ನಿಮಿಷ ಕಂಡದ್ದನ್ನು ಹೇಳುವುದು, 20 ನಿಮಿಷ ವಿವರಣೆ, ಉಳಿದದ್ದು ಪ್ರಶ್ನೆಗೆ. ಆ ಮೊದಲ 5 ನಿಮಿಷವನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ಪುರಾಣದ ಕಥೆ ಮೊದಲು ಕಿವಿಗೆ ಬಿದ್ದರೆ ಕಣ್ಣು ಆ ಕಥೆಯನ್ನಷ್ಟೇ ಹುಡುಕುತ್ತದೆ.

ಶುಕ್ರವಾರ ಅಲ್ಲಿ ರಜೆ, ಭಾನುವಾರ ಪ್ರವಾಸಿಗರ ಗದ್ದಲ. ಬೇರೆ ದಿನ ಬಾಗಿಲು ತೆರೆದ ಕೂಡಲೇ ಹೋಗಿ. ಮುಂಚಿತವಾಗಿ ಲಿಖಿತ ಅನುಮತಿ ಪಡೆಯಿರಿ. ಪತ್ರದಲ್ಲಿ ದಿನಾಂಕ, ಜನರ ಸಂಖ್ಯೆ, ಯಾವ ಶಿಲ್ಪ, ಟಾರ್ಚ್ ಬೇಕೇ ಎಂಬುದಿರಲಿ. ಟಾರ್ಚಿಗೆ ಒಪ್ಪಿಗೆ ಸಿಕ್ಕರೆ ವಿಗ್ರಹಕ್ಕೆ ಎದುರಾಗಿ ಹಿಡಿಯಬೇಡಿ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹಾರದ ಹಿಂದೆ ಉಳಿ ಹೊಕ್ಕು ಕಲ್ಲು ತೆಗೆದ ಸಂದಿನಲ್ಲಿ ನೆರಳು ತುಂಬಿ, ಹಾರ ಎದೆಯಿಂದ ಬಿಡಿಸಿಕೊಂಡು ನಿಲ್ಲುತ್ತದೆ.

ಪ್ರಶ್ನೆ: ವಿಷ್ಣುವಿನ ವಿಗ್ರಹದ ಮುಂದೆ ನಿಂತರೆ ಒಬ್ಬರು ಕೇಶವ ಎನ್ನುತ್ತಾರೆ, ಇನ್ನೊಬ್ಬರು ಮಾಧವ ಎನ್ನುತ್ತಾರೆ. ತೀರ್ಮಾನ ಹೇಗೆ?
– ಓದುಗರು, ಬೇಲೂರು

ಉತ್ತರ: ಮುಖ ಬಿಡಿ, ಕೈಗಳನ್ನು ನೋಡಿ. ಶಂಖ, ಚಕ್ರ, ಗದೆ, ಪದ್ಮ ನಾಲ್ಕು ಕೈಗಳಲ್ಲಿ ಅದಲುಬದಲಾದರೆ 24 ಜೋಡಣೆ. ಆಚಮನದಲ್ಲಿ ಹೇಳುವ ಕೇಶವಾದಿ 24 ನಾಮಗಳಿಗೆ ಒಂದೊಂದು. ಕೆಳಗಿನ ಬಲಗೈಯಿಂದ ಶುರು ಮಾಡಿ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ ಎಂದು ಸುತ್ತಿ ಬನ್ನಿ. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಎಡವುವುದೆಲ್ಲ ಒಂದೇ ಕಡೆ: ಬಲಗೈ ಎಂದರೆ ವಿಗ್ರಹದ ಬಲಗೈ, ನೋಡುವವರ ಬಲಗಡೆಯದ್ದಲ್ಲ.

ಒಂದು ಕೈ ಮುರಿದಿದ್ದರೆ ಚಿಂತೆಯಿಲ್ಲ, ಉಳಿದ ಮೂರರಿಂದ ನಾಲ್ಕನೆಯದು ತಿಳಿಯುತ್ತದೆ. ಎರಡು ಮುರಿದಿದ್ದರೆ ಎರಡು ಹೆಸರಿಗೆ ಅವಕಾಶವಿದೆ; ಎರಡನ್ನೂ ಹೇಳಿ. ಮೂರು ಹೋಗಿದ್ದರೆ ಆರು ಹೆಸರಾಗುತ್ತದೆ, ಆಗ ‘ವಿಷ್ಣು’ ಎಂದಷ್ಟೇ ಹೇಳುವುದು ಮರ್ಯಾದೆ. ಗ್ರಂಥದಿಂದ ಗ್ರಂಥಕ್ಕೆ ಕ್ರಮ ಅಷ್ಟಿಷ್ಟು ಬದಲಾಗುವುದರಿಂದ ಒಂದೇ ಪಟ್ಟಿ ಹಿಡಿದು ನೋಡಿ.

ಪ್ರಶ್ನೆ: ಮಕ್ಕಳು ಮುಟ್ಟಿ ನೋಡಬಹುದೇ?
– ಶಿಕ್ಷಕಿ, ಅರಸೀಕೆರೆ

ಉತ್ತರ: ವಿಗ್ರಹವನ್ನು ಬೇಡ. ಇದು ಬಳಪದ ಕಲ್ಲು. ಮೆದುವಾಗಿದ್ದರಿಂದಲೇ ಇಷ್ಟು ಕುಸುರಿ ಸಾಧ್ಯವಾಯಿತು, ಅದೇ ಕಾರಣಕ್ಕೆ ಉಂಗುರ, ಬಳೆ ತಾಗಿದರೂ ಗೀರು ಬೀಳಬಹುದು. ಬೆರಳಿನ ಬೆವರು, ಜಿಡ್ಡು ಕೂತ ಜಾಗ ಕರ್ರಗಾಗಿ ಹೊಳೆಯುತ್ತದೆ. ಆದರೆ ಮಕ್ಕಳ ಕೈಗೆ ಕಲ್ಲು ಸಿಗಲೇಬೇಕು. ಯಾರ ಮನೆಯಲ್ಲಾದರೂ ಬಳಪದ ಕಲ್ಲಿನ ಹಳೆಯ ಮರಿಗೆಯಿದ್ದರೆ ತರಿಸಿ, ಕೈಯಿಂದ ಕೈಗೆ ದಾಟಿಸಿ. ಒಳಮೈಯ ನುಣುಪು, ತಳದ ಉಳಿಯ ಗುರುತು ಎರಡನ್ನೂ ತಡವಿದ ಮೇಲೆ ಅವರನ್ನು ಮತ್ತೆ ವಿಗ್ರಹದ ಮುಂದೆ ನಿಲ್ಲಿಸಿ.