ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡಗಳ ಸ್ಥಾನವನ್ನು ಕಂಪ್ಯೂಟರ್ ನಿರ್ಧರಿಸಬೇಕೋ, ಮನುಷ್ಯರೋ?

ನೂರಕ್ಕೂ ಹೆಚ್ಚು ತಂಡಗಳಲ್ಲಿ ಬಹುತೇಕವು ಪರಸ್ಪರ ಎದುರಾಗುವುದೇ ಇಲ್ಲವಾದ್ದರಿಂದ, ಎದುರಾಳಿಗಳ ಬಲವನ್ನು ಒಂದೇ ಅಳತೆಯಲ್ಲಿ ತೂಗುವುದಕ್ಕೆ ಕಂಪ್ಯೂಟರೇ ಮೇಲು. ಆದರೆ ಪ್ರಶಸ್ತಿ ಪಂದ್ಯ ಆಡುವ ಎರಡು ತಂಡಗಳನ್ನು ಆರಿಸಲು ಮತ ಮತ್ತು ಕಂಪ್ಯೂಟರ್ ಲೆಕ್ಕಾಚಾರಗಳೆರಡನ್ನೂ ಬೆರೆಸುತ್ತಿದ್ದ ಬಿಸಿಎಸ್ ಎಂಬ ಪಟ್ಟಿಯಲ್ಲಿ, 2003ರಲ್ಲಿ, ತನ್ನ ಲೀಗ್‌ನ ಅಂತಿಮ ಪಂದ್ಯವನ್ನು 35–7ರಿಂದ ಸೋತ ಒಕ್ಲಹೋಮಾ ಮೊದಲ ಸ್ಥಾನದಲ್ಲೇ ಉಳಿದರೆ, ಪತ್ರಕರ್ತರ ಹಾಗೂ ತರಬೇತುದಾರರ ಮತದಾನಗಳೆರಡರಲ್ಲೂ ಅಗ್ರಸ್ಥಾನ ಪಡೆದಿದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡಕ್ಕೆ ಪ್ರಶಸ್ತಿ ಪಂದ್ಯವೇ ದಕ್ಕಲಿಲ್ಲ. ಮರುವರ್ಷ ಕಂಪ್ಯೂಟರ್‌ಗಳ ಪಾಲನ್ನು ಮೂರನೇ ಒಂದು ಭಾಗಕ್ಕೆ ಇಳಿಸಲಾಯಿತು. 2014ರಿಂದ ಈ ನಿರ್ಧಾರ ಮನುಷ್ಯರೇ ಇರುವ ಆಯ್ಕೆ ಸಮಿತಿಯ ಕೈಯಲ್ಲಿದೆ. ಆ ಸಮಿತಿಯು 2023ರಲ್ಲಿ 13 ಪಂದ್ಯಗಳನ್ನೂ ಗೆದ್ದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು, ಅದರ ಮುಖ್ಯ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಗಾಯಗೊಂಡಿದ್ದ ಕಾರಣ ನೀಡಿ ಪ್ರಶಸ್ತಿ ಸುತ್ತಿನಿಂದ ಕೈಬಿಟ್ಟದ್ದು, ನನ್ನ ಮಟ್ಟಿಗೆ, ಯಂತ್ರದ ತಪ್ಪಿಗಿಂತಲೂ ದೊಡ್ಡ ಅನ್ಯಾಯ. ಏಕೆಂದರೆ ಅಲ್ಲಿ ಆಡಿದ ಆಟಕ್ಕಿಂತ ಮುಂದಿನ ಆಟದ ಊಹೆಗೇ ಹೆಚ್ಚು ತೂಕ ಸಿಕ್ಕಿತು.