ಸೊಂಟದ ಶಸ್ತ್ರಚಿಕಿತ್ಸೆಯ ನಂತರ ಒಬ್ಬಳೇ ಇರಬಹುದೇ ಎಂದು ಕೇಳಿದ ನಿಮಗೆ

ಪರದೇಶಕ್ಕೆ ಬಂದು ಆರು ತಿಂಗಳೂ ಕಳೆದಿಲ್ಲ, ಸೊಂಟದ ಕೀಲಿಗೆ ಆರ್ತ್ರೋಸ್ಕೋಪಿ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಆಗಬೇಕು ಎಂದಿದ್ದಾರೆ, ಮನೆಯಲ್ಲಿ ಒಬ್ಬಳೇ ಇದ್ದೇನೆ, ನಿಭಾಯಿಸಬಹುದೇ ಅಥವಾ ಮುಗಿದ ಕೂಡಲೇ ಊರಿಗೆ ಹೊರಟುಬಿಡಲೇ ಎಂದು ಕೇಳಿದ್ದೀರಿ. ನಾನು ಹೊರದೇಶಕ್ಕೆ ಬಂದು ಹದಿನೆಂಟು ವರ್ಷವಾಯಿತು. ಎರಡನೆಯ ವರ್ಷದಲ್ಲೇ ನನಗೂ ಇದೇ ಶಸ್ತ್ರಚಿಕಿತ್ಸೆ ಆಗಿತ್ತು. ಖಂಡಿತ ನಿಭಾಯಿಸುತ್ತೀರಿ. ಆದರೆ ಮೊದಲ ಕೆಲವು ದಿನ ಜೊತೆಗೆ ಒಬ್ಬರು ಇರಲೇಬೇಕು.

ಎರಡು ಮೂರು ಸಣ್ಣ ರಂಧ್ರಗಳು, ಬಹುತೇಕ ಅದೇ ದಿನ ಮನೆಗೆ ಕಳುಹಿಸುತ್ತಾರೆ ಎಂದು ಕೇಳಿದಾಗ ಇದು ಚಿಕ್ಕ ವಿಷಯ ಅನ್ನಿಸುತ್ತದೆ. ಒಳಗೆ ನಡೆಯುವುದು ಚಿಕ್ಕದಲ್ಲ. ಕಾಲನ್ನು ಎಳೆದು ಹಿಡಿದು ಕೀಲನ್ನು ತೆರೆಯುತ್ತಾರೆ, ಕೀಲಿನ ಗುಣಿಯ ಸುತ್ತ ಇರುವ ಮೆತ್ತನೆಯ ಪಟ್ಟಿ, ಅಂದರೆ ಲೇಬ್ರಮ್, ಹರಿದಿದ್ದರೆ ಅದನ್ನು ಗುಣಿಯ ಅಂಚಿಗೆ ಹೊಲಿಯುತ್ತಾರೆ, ಉಜ್ಜುವ ಮೂಳೆಯನ್ನು ಹೆರೆಯುತ್ತಾರೆ. ಚರ್ಮ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಊರುಗೋಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಮೃದ್ವಸ್ಥಿಗೂ ಚಿಕಿತ್ಸೆ ಆಗಿದ್ದರೆ ಆರರಿಂದ ಎಂಟು ವಾರ. ಓಟಕ್ಕೆ ಮೂರು ನಾಲ್ಕು ತಿಂಗಳಾದರೂ ಬೇಕು. ಕಚೇರಿಗೆ ಇದನ್ನು ಮೊದಲೇ ತಿಳಿಸಿ, ‘ಒಂದು ವಾರ ಸಾಕು’ ಎಂದು ಮಾತು ಕೊಡಬೇಡಿ.

ಮೊದಲ ರಾತ್ರಿ ನನ್ನ ಪಟ್ಟಿ ನಸುಗೆಂಪಾಗಿ ಒದ್ದೆಯಾಗಿತ್ತು. ರಕ್ತ ಸೋರುತ್ತಿದೆ ಎಂದು ಕೈಕಾಲು ತಣ್ಣಗಾದವು. ಶಸ್ತ್ರಚಿಕಿತ್ಸೆಯ ವೇಳೆ ಕೀಲಿನೊಳಗೆ ಹರಿಸಿದ ಉಪ್ಪುನೀರು ಒಂದೆರಡು ದಿನ ಹಾಗೆ ಹೊರಬರುವುದು ಸಹಜ. ಆಸ್ಪತ್ರೆಯಲ್ಲಿ ಹೇಳಿಯೂ ಇದ್ದರು, ಅರಿವಳಿಕೆಯ ಮಂಪರಿನಲ್ಲಿ ಪರಭಾಷೆ ನನ್ನ ತಲೆಗೆ ಇಳಿದಿರಲಿಲ್ಲ. ಅದಕ್ಕೇ ಹೇಳುವುದು, ಸೂಚನೆಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರುಕಟ್ಟುವುದು, ಜ್ವರ, ಗಾಯದಲ್ಲಿ ಕೀವು, ಇವು ಕಂಡರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡಿ.

ಜೊತೆಗೆ ಯಾರಾದರೂ ಇರಲಿ ಎಂದೆನಲ್ಲ, ಯಾಕೆಂದರೆ ಎರಡು ಊರುಗೋಲು ಹಿಡಿದವಳಿಗೆ ಕೈಯೇ ಉಳಿಯುವುದಿಲ್ಲ. ಅಡುಗೆಮನೆಯಿಂದ ಹಾಸಿಗೆಯವರೆಗೆ ಒಂದು ಲೋಟ ನೀರನ್ನು ತರಲಾಗುವುದಿಲ್ಲ. ಬಿಗಿಯಾದ ಮುಚ್ಚಳದ ಬಾಟಲಿಯನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಓಡಾಡಿದೆ. ಸೊಂಟವನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಾಗಿಸಬಾರದು ಎಂದಿದ್ದರಿಂದ ನನ್ನದೇ ಪಾದ ನನಗೆ ಎಟುಕಲಿಲ್ಲ. ಸಹೋದ್ಯೋಗಿಯೊಬ್ಬರನ್ನು ಕರೆಯಲು ಹದಿನೈದು ದಿನ ಸಂಕೋಚಪಟ್ಟಿದ್ದೆ. ಕೇಳಿದ ಕೂಡಲೇ ಬಂದರು, ನೆಲದ ಮೇಲೆ ಕುಳಿತು ನನಗೆ ಕಾಲುಚೀಲ ತೊಡಿಸಿದರು. ಅವರ ಬೆರಳುಗಳು ಹಿಮ್ಮಡಿಯ ಹತ್ತಿರ ಬಟ್ಟೆಯ ಸುಕ್ಕನ್ನು ಸರಿಪಡಿಸಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇಂದು ಅವರು ನನಗೆ ಒಡಹುಟ್ಟಿದವರಿಗಿಂತ ಹೆಚ್ಚು.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮಲಗಿಕೊಂಡು ಆ ಕಾಲನ್ನು ನೇರವಾಗಿ ಎತ್ತಲು ಹೋಗಬೇಡಿ, ಇನ್ನೊಂದು ಕಾಲನ್ನು ಅದರಡಿ ಕೊಟ್ಟು ಎತ್ತಿ. ನಾಲ್ಕನೆಯ ವಾರ ನೋವು ಇಳಿಯಿತೆಂದು ನಾನು ದೂರದವರೆಗೆ ನಡೆದುಬಿಟ್ಟೆ. ಸೊಂಟದ ಮುಂಭಾಗದ ಸ್ನಾಯುರಜ್ಜು ಉರಿಯೂತಕ್ಕೆ ಒಳಗಾಗಿ ಪೂರಾ ಒಂದು ತಿಂಗಳು ಹಿಂದೆ ಬಿದ್ದೆ. ಈ ತಪ್ಪನ್ನು ನೀವು ಮಾಡಬಾರದು.

ಫಿಸಿಯೋಥೆರಪಿಯಲ್ಲಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳುತ್ತಾರೆ. ನನಗೆ ಗೊತ್ತಿದ್ದದ್ದು ಚಳುಕು, ಸೆಳೆತ, ಜೋಮು, ಉರಿ. ಪ್ರತಿಯೊಂದೂ ಬೇರೆ ಬೇರೆ, ಅಂಕದಲ್ಲಿ ಎಲ್ಲವೂ ಐದೇ ಆಗುತ್ತಿತ್ತು. ಕೊನೆಗೆ ಒಂದು ಪುಸ್ತಕದಲ್ಲಿ ದಿನವೂ ಕನ್ನಡದಲ್ಲೇ ಬರೆದಿಟ್ಟು, ಹೋಗುವ ಮುನ್ನ ಅಲ್ಲಿನ ಭಾಷೆಗೆ ತಿರುಗಿಸಿಕೊಳ್ಳುತ್ತಿದ್ದೆ. ತೊಡೆಸಂದಿನಲ್ಲಿ ಚುಚ್ಚುವುದು ಎಂದು ಸ್ಪಷ್ಟವಾಗಿ ಹೇಳಿದ ದಿನವೇ ವ್ಯಾಯಾಮ ಬದಲಾಯಿತು.

ಊರಿಗೆ ಹೋಗುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಇಂಥ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಗಂಟೆಗಟ್ಟಲೆ ವಿಮಾನದಲ್ಲಿ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ವೈದ್ಯರು ಒಪ್ಪದೆ ಹೊರಡಬೇಡಿ. ಅಮ್ಮನಿಗೆ ಮಾತ್ರ ಮುಚ್ಚಿಡಬೇಡಿ. ನಾನು ಮುಚ್ಚಿಟ್ಟಿದ್ದೆ, ವಿಡಿಯೋ ಕರೆಯಲ್ಲಿ ಗೋಡೆಗೆ ಒರಗಿಸಿದ್ದ ಊರುಗೋಲನ್ನು ಅವರೇ ನೋಡಿದರು.