‘ಹೇಡೇ’ ಪದವನ್ನು ಈಗ ಚೆನ್ನಾಗಿ ನಡೆಯುತ್ತಿರುವ ವ್ಯಾಪಾರಕ್ಕೆ ಬಳಸಬಹುದೇ?

ನಿಮ್ಮ ಅಂಗಡಿಗೆ ಈಗ ಭರ್ಜರಿ ವ್ಯಾಪಾರ, ಜಾಹೀರಾತಿನಲ್ಲಿ ‘ದಿಸ್ ಈಸ್ ಅವರ್ ಹೇಡೇ’ (heyday, ಅಂದರೆ ಉಚ್ಛ್ರಾಯದ ಕಾಲ) ಎಂದು ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ಇಂಗ್ಲಿಷಿನವರು ಈ ಪದವನ್ನು ಹೆಚ್ಚಾಗಿ ಕಳೆದುಹೋದ ಕಾಲಕ್ಕೇ ಬಳಸುತ್ತಾರೆ. ಓದಿದವರಿಗೆ ‘ಇವರ ಒಳ್ಳೆಯ ದಿನಗಳು ಮುಗಿಯುತ್ತ ಬಂದವೇನೋ’ ಅನ್ನಿಸಿಬಿಡುತ್ತದೆ.

ಈ ಪದ ಎಲ್ಲಿ ಸಲ್ಲುತ್ತದೆ ಎಂಬುದಕ್ಕೆ ಕೋಲಾರದ ಚಿನ್ನದ ಗಣಿಯನ್ನು ನೋಡಿ. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು ಅದರ ನಂತರ, 1905ರಲ್ಲಿ! ಅಗೆಯುತ್ತ ಅಗೆಯುತ್ತ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಬರಬರುತ್ತಾ ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ತೆಗೆಯುವ ಖರ್ಚು ಏರಿತು, 2001ರಲ್ಲಿ ಗಣಿಗೆ ಬೀಗ ಬಿತ್ತು. ಇಂದು ಆ ಊರಿಗೆ ಹೋದರೆ ಕಣ್ಣಿಗೆ ಬೀಳುವುದು ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆಗಳು. ಇಂಥ ಊರಿನ ಬಗ್ಗೆ ಬರೆಯುವಾಗ ‘ಇನ್ ಇಟ್ಸ್ ಹೇಡೇ’ ಎಂದು ಶುರು ಮಾಡಿದರೆ ಪದಕ್ಕೆ ತಕ್ಕ ಜಾಗ ಸಿಕ್ಕಂತೆ. ಅಂದಿನ ವೈಭವ, ಇಂದಿನ ಸ್ಥಿತಿ ಎರಡೂ ಒಂದೇ ಮಾತಿನಲ್ಲಿ ಬಂದವು. 1928ರಿಂದ 1956ರವರೆಗೆ ಒಲಿಂಪಿಕ್ಸ್‌ನಲ್ಲಿ ಸತತ 6 ಚಿನ್ನ ಗೆದ್ದ ನಮ್ಮ ಹಾಕಿ ತಂಡದ ಕಾಲಕ್ಕೂ ಇದು ಸಲ್ಲುತ್ತದೆ: ‘ದ ಹೇಡೇ ಆಫ್ ಇಂಡಿಯನ್ ಹಾಕಿ’.

ವ್ಯಕ್ತಿಗಳಿಗೂ ಬಳಸುತ್ತಾರೆ, ‘ಇನ್ ಹಿಸ್ ಹೇಡೇ’, ‘ಇನ್ ಹರ್ ಹೇಡೇ’ ಎಂದು. ಆದರೆ ಇನ್ನೂ ಹಾಡುತ್ತಿರುವ ಹಿರಿಯ ಕಲಾವಿದೆಯನ್ನು ವೇದಿಕೆಯ ಮೇಲೆ ಕೂರಿಸಿಕೊಂಡು ಸ್ವಾಗತ ಭಾಷಣದಲ್ಲಿ ಹೀಗೆ ಹೇಳಬೇಡಿ. ಹೊಗಳಲು ಹೋಗಿ ನೋಯಿಸಿದಂತಾಗುತ್ತದೆ. ಸಭೆಯಲ್ಲಿ ಅಂಥ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪದದ ಹುಟ್ಟು ಮಾತ್ರ ಬಹಳ ಲವಲವಿಕೆಯದು. ಹಿಂದಿನ ಕಾಲದ ಇಂಗ್ಲಿಷಿನವರು ಸಂತೋಷಕ್ಕೋ ಅಚ್ಚರಿಗೋ ಹಾಕುತ್ತಿದ್ದ ಒಂದು ಕೂಗು ಅದು. ದಿನ ಎಂಬರ್ಥದ ‘ಡೇ’ಗೂ ಅದಕ್ಕೂ ಮೂಲದಲ್ಲಿ ನಂಟಿಲ್ಲ. ಆದರೂ ಬರೆಯುವಾಗ ಕೊನೆಯ ಅಕ್ಷರಗಳು ಡಿ-ಎ-ವೈ ಎಂದೇ ಇರಲಿ, ಡಿ-ಇ-ವೈ ಅಲ್ಲ.

ನಿಮ್ಮ ಜಾಹೀರಾತಿಗೆ ಇಂಗ್ಲಿಷೇ ಬೇಕೆಂದಿದ್ದರೆ ‘ಬೆಟರ್ ದ್ಯಾನ್ ಎವರ್’ ಎಂದು ಹಾಕಿ. ಅದರಲ್ಲಿ ಅಂಗಡಿ ಇನ್ನೂ ಬೆಳೆಯುತ್ತಿದೆ ಎಂಬುದು ಓದಿದವರಿಗೆ ತಿಳಿಯುತ್ತದೆ.